ವಿಧಿಯ ಹೆಸರಿನಲ್ಲಿ ಹೊಣೆಯನ್ನು ಹೂಳದಿರೋಣ

ಯಾವುದೇ ದುರಂತ ಸಂಭವಿಸಿದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ಎಲ್ಲವೂ ಅಲ್ಲಾಹನ ಇಚ್ಛೆ ಎಂಬುದು. ಅದು ವಿಶ್ವಾಸಿಯ ಮಾತು. ಮೃತರ ಮನೆಯವರಿಗೆ ಸಹನೆ ಕಲಿಸುವ ಮಾತು. ಅದರಲ್ಲಿ ಯಾವ ದೋಷವೂ ಇಲ್ಲ. ದೋಷವಿರುವುದು ಆ ಮಾತಿನ ಬಳಿಕ ನಾವು ತಾಳುವ ಮೌನದಲ್ಲಿ. ಸಂತ್ರಸ್ತನಿಗೆ ಸಾಂತ್ವನವಾಗಬೇಕಾದ ಮಾತು ಹೊಣೆಗೇಡಿಗೆ ಗುರಾಣಿಯಾಗಿಬಿಟ್ಟರೆ, ನಾವು ವಿಧಿಯ ಮೇಲಿನ ವಿಶ್ವಾಸವನ್ನು ಅರ್ಥ ಮಾಡಿಕೊಂಡಿದ್ದೇವೆ ಎಂದು ಹೇಗೆ ಹೇಳುವುದು? ಕರಾವಳಿಯ ಒಂದು ವಿಮಾನ ನಿಲ್ದಾಣದ ಕತೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಆ ನಿಲ್ದಾಣ ಬಜ್ಪೆಯಲ್ಲಿದೆ. ಆದರೆ ಪ್ರಶ್ನೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ನಮ್ಮ ಮನೆಗಳದ್ದೂ ಹೌದು.

2010ರ ಮೇ 22ರ ಶನಿವಾರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ ಮಂಗಳೂರು ನಿಲ್ದಾಣದ ರನ್‌ವೇಯಲ್ಲಿ ನಿಲ್ಲಲಾಗದೆ ಅಂಚು ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದವರು 166 ಮಂದಿ. ಬದುಕಿ ಬಂದವರು ಎಂಟೇ ಮಂದಿ. ಉಳಿದ 158 ಜೀವಗಳು ಬೆಂಕಿಯಲ್ಲಿ ಬೆಂದವು. ಅವರಲ್ಲಿ ಬಹುತೇಕರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರು. ಕೊಲ್ಲಿಯ ಬಿಸಿಲಿನಲ್ಲಿ ದುಡಿದು ರಜೆಗೆ ಊರಿಗೆ ಬರುತ್ತಿದ್ದವರು, ಮದುವೆಗೆ ಬರುತ್ತಿದ್ದವರು, ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ತಾಯಂದಿರು. ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಎಲ್ಲರೂ ಇದ್ದರು. ಗುರುತು ಹಿಡಿಯಲಾಗದ 12 ದೇಹಗಳನ್ನು ಒಂದೇ ಕಡೆ ಮಣ್ಣು ಮಾಡಲಾಯಿತು. ಅವರು ಯಾವ ಧರ್ಮದವರೆಂದು ಕೇಳುವ ಅವಕಾಶವನ್ನು ಬೆಂಕಿ ಯಾರಿಗೂ ಉಳಿಸಿರಲಿಲ್ಲ.

ಇದು ಆಕಾಶದಿಂದ ಎರಗಿದ ಸಿಡಿಲೇ? ಕೇಂದ್ರ ಸರಕಾರ ನೇಮಿಸಿದ್ದ, ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯೇ ಇದಕ್ಕೆ ಉತ್ತರ ನೀಡಿದೆ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಮುಖ್ಯ ಪೈಲಟ್ ಪ್ರಯಾಣದ ಬಹುಭಾಗ ನಿದ್ರಿಸಿದ್ದರು; ಧ್ವನಿಮುದ್ರಣದಲ್ಲಿ ಗೊರಕೆಯ ಸದ್ದು ದಾಖಲಾಗಿತ್ತು. ಇಳಿಯಬೇಡಿ, ಮತ್ತೊಮ್ಮೆ ಮೇಲೇರಿ ಸುತ್ತು ಹಾಕೋಣ ಎಂದು ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದರು. ವಿಮಾನದ ಯಂತ್ರವೂ ಎಚ್ಚರಿಸುತ್ತಿತ್ತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನದ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಅಪಘಾತಕ್ಕೆ ನೇರ ಕಾರಣ ಮುಖ್ಯ ಪೈಲಟ್‌ನ ನಿರ್ಧಾರವೆಂದು ವರದಿ ಹೇಳಿತು.

ಆದರೆ ವರದಿ ಅಲ್ಲಿಗೇ ನಿಲ್ಲಲಿಲ್ಲ. ನಾವೆಲ್ಲ ಮರೆತಿರುವುದು ಅದರ ಉಳಿದ ಪುಟಗಳನ್ನು. ವಿಮಾನದ ದೂರವನ್ನೂ ಎತ್ತರವನ್ನೂ ನೋಡಿ ಇಳಿಸಲು ನೆರವಾಗಬೇಕಿದ್ದ ಮಂಗಳೂರಿನ ರಡಾರ್ ಮೇ 20ರಿಂದಲೇ ಕೆಟ್ಟು ನಿಂತಿತ್ತು. ಆದ್ದರಿಂದ ವಿಮಾನವನ್ನು ತಡವಾಗಿ ಕೆಳಗಿಳಿಸಬೇಕಾಯಿತು. ರನ್‌ವೇ ಮುಗಿದ ಮೇಲಿನ ಸುರಕ್ಷಾ ಪ್ರದೇಶ 90 ಮೀಟರ್ ಮಾತ್ರವಿತ್ತು. ಅದು ನಿಯಮದ ಕನಿಷ್ಠ ಅಳತೆ. ಅಂತಾರಾಷ್ಟ್ರೀಯವಾಗಿ ಶಿಫಾರಸಾಗಿದ್ದುದು 240 ಮೀಟರ್. ವಿಮಾನವನ್ನು ರನ್‌ವೇಯ ನೇರಕ್ಕೆ ತರುವ ಆಂಟೆನಾವನ್ನು ಬಡಿದರೆ ಮುರಿದು ಬೀಳುವಂತಹ ಹಗುರ ಕಂಬಗಳ ಬದಲು ಗಟ್ಟಿ ಕಾಂಕ್ರೀಟ್ ಕಟ್ಟೆಯ ಮೇಲೆ ನಿಲ್ಲಿಸಲಾಗಿತ್ತು. ವಿಮಾನದ ಬಲ ರೆಕ್ಕೆ ಬಡಿದದ್ದು ಅದಕ್ಕೇ. ಅದರಾಚೆ ಕಣಿವೆ. ಒಬ್ಬ ಮನುಷ್ಯ ತಪ್ಪು ಮಾಡುವುದು ಸಹಜ. ಆ ಒಂದು ತಪ್ಪಿಗೆ 158 ಜೀವಗಳು ಬೆಲೆ ತೆರುವಂತೆ ನೆಲವನ್ನು ಸಿದ್ಧಪಡಿಸಿ ಇಡುವುದು ಸಹಜವಲ್ಲ. ಅದು ಕಡತಗಳಲ್ಲಿ ಸಹಿ ಬಿದ್ದು ಆಗುವ ಕೆಲಸ.

ಈ ನೆಲದ ಚರಿತ್ರೆಯನ್ನು ಸ್ವಲ್ಪ ನೋಡೋಣ. ಬಜ್ಪೆಯ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ನೆಹರೂ ಬಂದಿಳಿಯುವುದರೊಂದಿಗೆ. ಗುಡ್ಡದ ನೆತ್ತಿಯನ್ನು ಸವರಿ ಮಾಡಿದ ಅದರ ಹಳೆಯ ರನ್‌ವೇಯ ಉದ್ದ ಸುಮಾರು 1,600 ಮೀಟರ್. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ವಿಮಾನವೊಂದು ಇದೇ ರನ್‌ವೇಯನ್ನು ಮೀರಿ ಅಂಚಿನಲ್ಲಿ ನಿಂತಿತ್ತು. ಯಾರೂ ಸಾಯಲಿಲ್ಲ. ಯಾರೂ ಸಾಯದ ಕಾರಣ ಯಾರೂ ಪಾಠ ಕಲಿಯಲಿಲ್ಲ. ಕೊಲ್ಲಿಯ ಪ್ರಯಾಣಿಕರ ಸಂಖ್ಯೆ ಹೆಚ್ಚಿ ದೊಡ್ಡ ವಿಮಾನಗಳಿಗೆ ಬೇಡಿಕೆ ಬಂದಾಗ ಅದೇ ಗುಡ್ಡಗಳ ನಡುವೆ 2,450 ಮೀಟರ್‌ನ ಎರಡನೆಯ ರನ್‌ವೇಯ ಯೋಜನೆ ಸಿದ್ಧವಾಯಿತು. ಸ್ಥಳೀಯ ನಿವಾಸಿಗಳೂ ಬೆಂಗಳೂರಿನ ಪರಿಸರ ಸಂಘಟನೆಯೊಂದೂ 1997ರಲ್ಲಿ ಮತ್ತು 2002ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿದರು. ಎರಡೂ ಬದಿಗೆ ಕಣಿವೆಯಿರುವ ಈ ಜಾಗದಲ್ಲಿ ತುರ್ತು ಸಂದರ್ಭಕ್ಕೆ ಬೇಕಾದ ನೆಲವಿಲ್ಲ ಎಂಬುದು ಅವರ ವಾದದಲ್ಲಿ ಸೇರಿತ್ತು. ಅರ್ಜಿಗಳು ವಜಾಗೊಂಡವು. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡಾ, ಕಾನೂನು ನಿಯಮಗಳನ್ನು ಪಾಲಿಸಬೇಕೆಂದು ಹೇಳಿ ಪ್ರಕರಣವನ್ನು ಮುಗಿಸಿತು. 2006ರಲ್ಲಿ ಹೊಸ ರನ್‌ವೇ ತೆರೆಯಿತು. ಅದೇ ಅಕ್ಟೋಬರಿನಲ್ಲಿ ದುಬೈ ವಿಮಾನ ಬಂತು. 2010ರ ಮೇ 15ರಂದು ಕೆಂಜಾರಿನ ಕಡೆ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಮಿರುಗುವ ಗಾಜು, ಮೆತ್ತನೆಯ ಆಸನಗಳು, ಮಂತ್ರಿಗಳ ಭಾಷಣಗಳು. ಅದರ ಏಳನೆಯ ದಿನವೇ ಆ ವಿಮಾನ ಕಣಿವೆಗೆ ಬಿತ್ತು.

ಅರ್ಜಿ ಹಾಕಿದವರನ್ನು ಅಂದು ಅಭಿವೃದ್ಧಿ ವಿರೋಧಿಗಳೆಂದು ಕರೆಯಲಾಗಿತ್ತು. ವಿಮಾನ ನಿಲ್ದಾಣ ಬೇಡವೆನ್ನುವವರು ನಾವೂ ಅಲ್ಲ. ಕರಾವಳಿಯ ಸಾವಿರಾರು ಮುಸ್ಲಿಮ್ ಮನೆಗಳ ಒಲೆ ಉರಿದದ್ದು ಆ ರನ್‌ವೇಯಿಂದ ಹಾರಿದವರ ದುಡಿಮೆಯಿಂದ. ಬೇಕಾಗಿರುವುದು ಅಭಿವೃದ್ಧಿಯನ್ನು ಅಳೆಯುವ ಸರಿಯಾದ ಕೋಲು. ಗಾಜಿನ ಟರ್ಮಿನಲ್ಲಿಗೆ ಹಣವಿದ್ದು ಕೆಟ್ಟ ರಡಾರಿಗೆ ಬದಲಿ ವ್ಯವಸ್ಥೆ ಇಲ್ಲವೆಂದಾದರೆ ಆಡಳಿತ ಯಾರಿಗಾಗಿ ಕಟ್ಟುತ್ತಿದೆ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿಯೊಬ್ಬನಿಗೂ ಇದೆ.

ಹತ್ತು ವರ್ಷಗಳ ನಂತರ ಏನಾಯಿತು? 2020ರ ಆಗಸ್ಟ್ 7ರಂದು ಅದೇ ಸಂಸ್ಥೆಯ, ಅದೇ ಮಾದರಿಯ ವಿಮಾನ, ಅದೇ ದುಬೈಯಿಂದ ಬಂದು, ಗುಡ್ಡದ ಮೇಲಿನ ಇನ್ನೊಂದು ನಿಲ್ದಾಣವಾದ ಕೋಝಿಕ್ಕೋಡಿನಲ್ಲಿ ರನ್‌ವೇ ಮೀರಿ ಕೆಳಗೆ ಬಿದ್ದು ತುಂಡಾಯಿತು. 21 ಮಂದಿ ಮೃತಪಟ್ಟರು. ಅಲ್ಲಿಯೂ ತನಿಖೆ ನಡೆಯಿತು, ಅಲ್ಲಿಯೂ ಪೈಲಟ್‌ನ ಲೋಪವೇ ಮುಖ್ಯ ಕಾರಣವೆಂದು ವರದಿಯಾಯಿತು. ಎರಡೂ ಕಡೆ ಪೈಲಟ್‌ಗಳೇ ತಪ್ಪಿರಬಹುದು. ಆದರೆ ತಪ್ಪುವ ಪೈಲಟ್‌ಗಳನ್ನು ಅದೇ ಬಗೆಯ ಅಂಚುಗಳ ಮೇಲೆ ಮತ್ತೆ ಮತ್ತೆ ಇಳಿಸುವವರ ಬಗ್ಗೆ ಏನು ಹೇಳೋಣ?

ಇಲ್ಲಿ ನಮ್ಮ ಕೆಲವು ಹಿರಿಯರು ಅಡ್ಡ ಬರುತ್ತಾರೆ. ಆಯುಷ್ಯ ಮುಗಿದಿತ್ತು, ಹೋದರು. ಯಾರನ್ನು ದೂರಿ ಏನು ಫಲ ಎನ್ನುತ್ತಾರೆ. ಅವರಿಗೆ ಗೌರವಪೂರ್ವಕವಾಗಿ ಇಸ್ಲಾಮಿನ ಚರಿತ್ರೆಯನ್ನೇ ನೆನಪಿಸಬೇಕಾಗಿದೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿ ಮುಹಮ್ಮದ್(ಸ) ಮೊದಲು ಕಟ್ಟು, ಅನಂತರ ಭರವಸೆಯಿಡು ಎಂಬ ಪಾಠ ಕಲಿಸಿದರು. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಖಲೀಫ ಉಮರ್(ರ) ದಾರಿಯಿಂದಲೇ ಮರಳಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಕೊಟ್ಟ ಉತ್ತರದ ಸಾರ. ಇರಾಕಿನ ಹಾದಿಯಲ್ಲಿ ಒಂದು ಪ್ರಾಣಿ ಎಡವಿ ಬಿದ್ದರೂ, ದಾರಿಯನ್ನು ಏಕೆ ಸಮತಟ್ಟು ಮಾಡಿಸಲಿಲ್ಲವೆಂದು ಅಲ್ಲಾಹನು ತನ್ನನ್ನು ವಿಚಾರಿಸಿಯಾನು ಎಂದು ಅಂಜುತ್ತಿದ್ದ ಆಡಳಿತಗಾರ ಅವರು. ಪ್ರಾಣಿ ಎಡವಿದ್ದಕ್ಕೆ ಖಲೀಫ ಉತ್ತರ ಹೇಳಬೇಕೆಂದಾದರೆ, 158 ಮನುಷ್ಯರು ಸುಟ್ಟುಹೋದುದಕ್ಕೆ ಯಾವ ಮಂತ್ರಿಯೂ ಯಾವ ಅಧಿಕಾರಿಯೂ ಉತ್ತರ ಹೇಳಬೇಕಾಗಿಲ್ಲವೇ?

ಪರಿಹಾರದ ಹಣದ ವಿಷಯದಲ್ಲಂತೂ ನಮ್ಮ ಹಿಂಜರಿಕೆ ಇನ್ನೂ ದೊಡ್ಡದು. ಮಗನ ರಕ್ತಕ್ಕೆ ಬೆಲೆ ಕಟ್ಟುವುದೇ ಎಂದು ಕಣ್ಣೀರಿಡುವ ತಂದೆಯ ನೋವು ನಿಜ. ಆದರೆ ಉದ್ದೇಶವಿಲ್ಲದೆ ಸಂಭವಿಸಿದ ಹತ್ಯೆಗೂ ಮೃತನ ಮನೆಯವರಿಗೆ ದಿಯತ್ ಸಲ್ಲಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವೇ ವಿಧಿಸಿದೆ. ಕ್ಷಮಿಸುವ ಅಧಿಕಾರ ಮನೆಯವರದ್ದು. ತೀರಿಸುವ ಬಾಧ್ಯತೆ ಹೊಣೆಗಾರನದ್ದು. ವಿಧಿಯನ್ನು ಬರೆದ ಅಲ್ಲಾಹನೇ ದಿಯತ್ತನ್ನೂ ವಿಧಿಸಿರುವಾಗ, ಎರಡರಲ್ಲಿ ಒಂದನ್ನು ಮಾತ್ರ ಒಪ್ಪುವುದು ಯಾವ ನ್ಯಾಯ?

ಜಗತ್ತಿನ ಕಾನೂನೂ ಇದೇ ದಾರಿಯಲ್ಲಿದೆ. 1999ರ ಮಾಂಟ್ರಿಯಲ್ ಒಪ್ಪಂದವನ್ನು ಭಾರತ ಒಪ್ಪಿಕೊಂಡದ್ದು 2009ರಲ್ಲಿ, ಅಂದರೆ ದುರಂತದ ಹಿಂದಿನ ವರ್ಷ. ಅದರ ಪ್ರಕಾರ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಪ್ರಯಾಣಿಕ ಮೃತಪಟ್ಟರೆ, ಒಂದು ಮಿತಿಯವರೆಗೆ ವಿಮಾನ ಸಂಸ್ಥೆ ತನ್ನ ತಪ್ಪಿಲ್ಲವೆಂದು ವಾದಿಸುವಂತೆಯೇ ಇಲ್ಲ. ಆ ಮಿತಿ ಅಂದಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ. ಅದಕ್ಕಿಂತ ಹೆಚ್ಚಿನ ನಷ್ಟಕ್ಕೂ ತಾನು ಹೊಣೆಯಲ್ಲವೆಂದು ಸಾಬೀತುಪಡಿಸಬೇಕಾದುದು ಸಂಸ್ಥೆಯೇ. ಕಾಸರಗೋಡು ಜಿಲ್ಲೆಯ ಒಂದು ಕುಟುಂಬ ನ್ಯಾಯಾಲಯಕ್ಕೆ ಹೋದಾಗ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ, ಆ ಮೊತ್ತ ಎಲ್ಲರಿಗೂ ಸಲ್ಲಬೇಕಾದ ಕನಿಷ್ಠ ಪರಿಹಾರ ಎಂದಿತು. ಅಂದು ಸರಕಾರದ ಒಡೆತನದಲ್ಲಿದ್ದ ಸಂಸ್ಥೆ ಮೇಲ್ಮನವಿ ಸಲ್ಲಿಸಿತು. ವಿಭಾಗೀಯ ಪೀಠ ಆ ತೀರ್ಪನ್ನು ಅದೇ ವರ್ಷ ಬದಿಗಿರಿಸಿತು. ನಷ್ಟವನ್ನು ಸಾಬೀತುಪಡಿಸಿದಷ್ಟೇ ಹಣ ಎಂಬುದು ಅದರ ತಾತ್ಪರ್ಯ. ಅಂದರೆ ಸಂಬಳದ ಚೀಟಿ ದೊಡ್ಡದಾದರೆ ಜೀವದ ಬೆಲೆ ದೊಡ್ಡದು; ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದವನ ಬೆಲೆ ಚಿಕ್ಕದು.

ಇದೇ ವಿಮಾನದಲ್ಲಿ ಮೃತಪಟ್ಟ, ದುಬೈ ಕಂಪನಿಯೊಂದರ ಹಿರಿಯ ಅಧಿಕಾರಿಯ ಕುಟುಂಬಕ್ಕೆ 7.64 ಕೋಟಿ ರೂಪಾಯಿ ನೀಡಬೇಕೆಂದು ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ ಆದೇಶಿಸಿತು. ಹತ್ತು ವರ್ಷ ಛಲ ಬಿಡದೆ ಹೋರಾಡಿದ ಆ ಕುಟುಂಬವನ್ನು ನಾವು ಅಭಿನಂದಿಸಬೇಕು. ಅವರಿಗೆ ಸಿಕ್ಕಿದ್ದು ಹೆಚ್ಚಾಯಿತೆಂಬುದು ನಮ್ಮ ದೂರಲ್ಲ. ದಾಖಲೆಯಿಲ್ಲದ, ವಕೀಲರಿಲ್ಲದ, ಹತ್ತು ವರ್ಷ ಕಾಯುವ ಶಕ್ತಿಯಿಲ್ಲದ ಮನೆಗೆ ಅದೇ ಬಾಗಿಲು ತೆರೆಯುವುದಿಲ್ಲ ಎಂಬುದೇ ನಮ್ಮ ದೂರು. ಇಸ್ಲಾಮಿನ ದಿಯತ್ ಮೃತನ ಸಂಬಳ ಕೇಳುವುದಿಲ್ಲ. ಬಡವ, ಬಲ್ಲಿದ ಎಂದು ಎರಡು ತಕ್ಕಡಿ ಇಡುವುದಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು 260 ಮಂದಿ ಮೃತಪಟ್ಟಾಗ, ಈಗಿನ ಒಡೆಯರಾದ ಟಾಟಾ ಸಮೂಹ ಪ್ರತಿ ಕುಟುಂಬಕ್ಕೂ ಒಂದು ಕೋಟಿ ರೂಪಾಯಿಯ ಸಮಾನ ಮೊತ್ತವನ್ನು ಘೋಷಿಸಿತು. ಘೋಷಣೆಯಾಗಿ ಸಾಧ್ಯವಾದುದು ಕಾನೂನಾಗಿ ಏಕೆ ಸಾಧ್ಯವಿಲ್ಲ? ದಯೆ ಬದಲಾಗಬಹುದು, ಹಕ್ಕು ಬದಲಾಗಬಾರದು.

ಈಗ ನಮ್ಮ ಜಿಲ್ಲೆಯತ್ತ ಬರೋಣ. ನಾವು ವಿಮಾನ ಹತ್ತುವವರಲ್ಲ, ಇದರಿಂದ ನಮಗೇನು ಎನ್ನುವವರು ನವಲಗುಂದದಲ್ಲೂ ಇದ್ದಾರೆ, ಕಲಘಟಗಿಯಲ್ಲೂ ಇದ್ದಾರೆ. ಆದರೆ ಉಮ್ರಾಕ್ಕೆ ಹೋಗುವ ತಾಯಿ, ಸೌದಿಗೆ ಹೋಗುವ ಚಾಲಕ, ದುಬೈ ಅಂಗಡಿಗೆ ಹೋಗುವ ಹುಡುಗ ನಮ್ಮ ಓಣಿಗಳಿಂದಲೂ ಹೊರಡುತ್ತಾರೆ. ಹುಬ್ಬಳ್ಳಿಯ ನಿಲ್ದಾಣಕ್ಕಾಗಿ ನೆಲ ಬಿಟ್ಟುಕೊಟ್ಟವರು ಗೋಕುಲ ಸುತ್ತಲಿನ ರೈತರು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಇಲ್ಲಿಯೇ ರನ್‌ವೇಯಿಂದ ಹೊರಸರಿದಿತ್ತು. ಅಲ್ಲಾಹನ ದಯೆಯಿಂದ ಎಲ್ಲರೂ ಉಳಿದರು. ಸುತ್ತಲೂ ಬಯಲು ನೆಲವಿತ್ತು ಎಂಬುದನ್ನೂ ನೆನಪಿಡಬೇಕು. 2017ರಲ್ಲಿ ಇಲ್ಲಿ ಹೊಸ ಟರ್ಮಿನಲ್ ತೆರೆಯಿತು. 2018ರಲ್ಲಿ ಉಡಾನ್ ಯೋಜನೆಯಡಿ ವಿಮಾನಗಳು ಬಂದವು. 2024ರ ಮಾರ್ಚ್ 10ರಂದು ಇನ್ನೂ ದೊಡ್ಡ ಟರ್ಮಿನಲ್ಲಿಗೆ ಪ್ರಧಾನಿಯವರು ದೂರದಿಂದಲೇ ಶಿಲಾನ್ಯಾಸ ಮಾಡಿದರು. ಏಳು ವರ್ಷ ತುಂಬುವ ಮೊದಲೇ ಎರಡನೆಯ ಟರ್ಮಿನಲ್!

ಅದೇ ಜಿಲ್ಲೆಯ ನವಲಗುಂದದ ರೈತ 1980ರ ಜುಲೈ 21ರಂದು ನೀರಾವರಿ ಕರದ ವಿರುದ್ಧ ಬೀದಿಗಿಳಿದು ಗುಂಡು ತಿಂದ. ಕಳಸಾ-ಬಂಡೂರಿ ನೀರಿಗಾಗಿ 2015ರಲ್ಲಿ ಮತ್ತೆ ಬೀದಿಗೆ ಬಂದ. 2018ರಲ್ಲಿ ಮಹದಾಯಿ ನ್ಯಾಯಮಂಡಳಿಯ ತೀರ್ಪು ಬಂದರೂ ಕಾದೇ ಕೂತ. ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದನ್ನು ನೇಯುವವರು ನಮ್ಮ ಮುಸ್ಲಿಮ್ ಹೆಣ್ಣುಮಕ್ಕಳು. ಅವರ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಾ ಬಂದವು. ವಿಮಾನ ಬಂದರೆ ಸ್ಥಳೀಯ ಸರಕಿಗೆ ಜಗತ್ತಿನ ಮಾರುಕಟ್ಟೆ ತೆರೆಯುತ್ತದೆ ಎಂದು ಭಾಷಣ ಮಾಡುವವರು ಜಮಖಾನ ಗಲ್ಲಿಗೆ ಬಂದು ಒಮ್ಮೆ ಲೆಕ್ಕ ಒಪ್ಪಿಸಲಿ. ಉಡಾನ್‌ನ ಲೆಕ್ಕವನ್ನಂತೂ ಮಹಾಲೇಖಪಾಲರೇ 2023ರ ವರದಿಯಲ್ಲಿ ಒಪ್ಪಿಸಿದ್ದಾರೆ: ಹಂಚಲಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಿರಲಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಮಂಗಳೂರು ನಿಲ್ದಾಣವನ್ನು 2020ರ ಅಕ್ಟೋಬರ್ 31ರಿಂದ 50 ವರ್ಷಗಳ ಅವಧಿಗೆ ಅದಾನಿ ಸಮೂಹಕ್ಕೆ ವಹಿಸಲಾಯಿತು. ಪ್ರತಿ ದೇಶೀಯ ಪ್ರಯಾಣಿಕನಿಗೆ 115 ರೂಪಾಯಿಯಂತೆ ಸರಕಾರಿ ಪ್ರಾಧಿಕಾರಕ್ಕೆ ಕೊಡುವುದಾಗಿ ಹರಾಜಿನಲ್ಲಿ ಕೂಗಿ ಅದು ನಿಲ್ದಾಣವನ್ನು ಪಡೆಯಿತು. ಖಾಸಗಿಯವರು ಕೆಟ್ಟವರು, ಸರಕಾರ ಒಳ್ಳೆಯದು ಎಂದು ಹೇಳಲಾಗದು; 2010ರಲ್ಲಿ ನಿಲ್ದಾಣವೂ ಸರಕಾರದ್ದು, ವಿಮಾನವೂ ಸರಕಾರದ್ದು. ಆದರೆ ಗುಡ್ಡವನ್ನು ಸವರಿದ್ದು ಸಾರ್ವಜನಿಕ ಹಣದಿಂದ, ನೆಲ ಹೋದದ್ದು ಸಾಮಾನ್ಯ ರೈತನದ್ದು. ಒಡೆಯ ಬದಲಾದಾಗ ಹೊಣೆಯೂ ಕೈಬದಲಾಗಬೇಕು. ಅದು ದಾರಿಯಲ್ಲಿ ಎಲ್ಲೋ ಬಿದ್ದುಹೋಗಬಾರದು.

ಆಡಳಿತಗಾರರ ಮುಂದೆ ನಾವಿಡಬೇಕಾದ ಬೇಡಿಕೆಗಳು ಸರಳವಾಗಿವೆ. ಪ್ರತಿ ನಿಲ್ದಾಣದ ಸುರಕ್ಷತಾ ತಪಾಸಣೆಯ ವರದಿಯನ್ನು ಜನರ ಮುಂದಿಡಬೇಕು. ಗುಡ್ಡದ ನೆತ್ತಿಯ ರನ್‌ವೇಗಳಲ್ಲಿ ಕನಿಷ್ಠ ನಿಯಮಕ್ಕೆ ತೃಪ್ತರಾಗದೆ, ಶಿಫಾರಸಾದ ಪೂರ್ಣ ಸುರಕ್ಷಾ ಪ್ರದೇಶವನ್ನೋ ವಿಮಾನವನ್ನು ತಡೆದು ನಿಲ್ಲಿಸುವ ವ್ಯವಸ್ಥೆಯನ್ನೋ ಕಡ್ಡಾಯಗೊಳಿಸಬೇಕು. ಮೃತಪಟ್ಟ ಪ್ರತಿ ಪ್ರಯಾಣಿಕನಿಗೂ ಸಂಬಳ ನೋಡದ ಸಮಾನ ಕನಿಷ್ಠ ಪರಿಹಾರವನ್ನು ಕಾನೂನಿನಲ್ಲೇ ಬರೆಯಬೇಕು. ಮತ ಕೇಳಲು ಬರುವವರಿಗೆ ಎಷ್ಟು ವಿಮಾನ ತಂದಿರಿ ಎಂದು ಕೇಳುವ ಬದಲು ಇವುಗಳಲ್ಲಿ ಯಾವುದನ್ನು ಸಂಸತ್ತಿನಲ್ಲಿ ಕೇಳಿದಿರಿ ಎಂದು ಕೇಳೋಣ.

ಆದರೆ ಸರಕಾರವನ್ನು ಕೇಳುವ ನಾಲಿಗೆ ನಮ್ಮನ್ನೂ ಕೇಳಬೇಕು. ಉಮ್ರಾಕ್ಕೆ ಹೊರಟವರಿಗೆ ಹಾರ, ಶಾಲು, ವಾಹನಗಳ ಸಾಲು, ಔತಣ ಎಂದು ಖರ್ಚು ಮಾಡುವ ನಮ್ಮ ಜಮಾಅತ್‌ಗಳಲ್ಲಿ, ಕೊಲ್ಲಿಗೆ ಹೊರಟ ಹುಡುಗನ ಕಾಗದಪತ್ರ ಓದಿ ಹೇಳುವ ಒಬ್ಬರಾದರೂ ಇದ್ದಾರೆಯೇ? ಹತ್ತನೆಯ ತರಗತಿ ದಾಟದೆ ಕೊಲ್ಲಿಗೆ ದುಡಿಯಲು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿದೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಮೃತಪಟ್ಟರೆ ಮನೆಯವರಿಗೆ 10 ಲಕ್ಷ. ಸಂದರ್ಶಕ ವೀಸಾದಲ್ಲಿ ಕಳುಹಿಸುವ ಏಜೆಂಟನ ಮಾತು ಕೇಳಿ ಹೋದವನಿಗೆ ಈ ರಕ್ಷಣೆ ಇಲ್ಲ. ಕೆಲಸದ ಒಪ್ಪಂದ, ಸಂಬಳದ ಚೀಟಿ, ಬ್ಯಾಂಕಿನ ದಾಖಲೆಗಳ ಪ್ರತಿಯನ್ನು ಮನೆಯಲ್ಲಿ, ವಿಶೇಷವಾಗಿ ಹೆಂಡತಿಯ ಕೈಯಲ್ಲಿ ಇಡಬೇಕು. ನ್ಯಾಯಾಲಯ ಕೇಳುವುದು ಅವುಗಳನ್ನೇ. ಸಂಸ್ಥೆಯವರು ತರುವ ಪೂರ್ಣ ಹಾಗೂ ಅಂತಿಮ ಎಂಬ ರಸೀದಿಗೆ ವಕೀಲರಿಗೆ ತೋರಿಸದೆ ಸಹಿ ಹಾಕಬಾರದು. ಮಾಂಟ್ರಿಯಲ್ ಒಪ್ಪಂದದಡಿ ದಾವೆ ಹೂಡಲು ಇರುವುದು ಎರಡೇ ವರ್ಷದ ಅವಧಿ ಎಂಬುದನ್ನು ಇದ್ದತ್ ಮುಗಿಸಿ ಹೊರಬರುವ ವಿಧವೆಗೆ ಯಾರಾದರೂ ಹೇಳಬೇಕು. ಹಣ ಬಂದ ಮೇಲೆ ಅದು ಅವಳಿಗೂ ಅನಾಥ ಮಕ್ಕಳಿಗೂ ತಲುಪುವಂತೆ, ಹಿರಿತನದ ನೆಪದಲ್ಲಿ ಬೇರೆ ಕಿಸೆಗಳಿಗೆ ಹೋಗದಂತೆ ಕಾಯುವುದು ಜಮಾಅತ್‌ನ ಕರ್ತವ್ಯ. ಅನಾಥರ ಸೊತ್ತನ್ನು ತಿನ್ನುವವರಿಗೆ ಕುರ್‌ಆನ್ ನೀಡಿದ ಎಚ್ಚರಿಕೆಯನ್ನು ಖುತ್ಬಾಗಳಲ್ಲಿ ಕೇಳಿಸಿಕೊಂಡರೆ ಸಾಲದು.

ನಮ್ಮ ನಾಲ್ಕು ಪಟ್ಟಣಗಳ ಅಂಜುಮನ್‌ಗಳು ಸೇರಿ ಒಬ್ಬ ವಕೀಲರು, ಒಬ್ಬ ಶಿಕ್ಷಕರು, ಕೊಲ್ಲಿಯಲ್ಲಿ ದುಡಿದು ಮರಳಿದ ಒಬ್ಬ ಅನುಭವಿ, ಹೀಗೆ ಮೂವರ ಸಮಿತಿಯನ್ನು ಮಾಡುವುದು ಕಷ್ಟವೇ? ಜುಮಾದ ಬಳಿಕ ಒಂದು ಗಂಟೆ ಕುಳಿತು ಹೊರಡುವವರ ಕಾಗದಪತ್ರ ನೋಡಲಿ, ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿರಲಿ. ಒಂದು ಬೀಳ್ಕೊಡುಗೆಯ ಔತಣದ ಖರ್ಚಿನಲ್ಲಿ ಅದು ಒಂದು ವರ್ಷ ನಡೆಯುತ್ತದೆ. ಮೃತರಿಗಾಗಿ ದುಆ ಮಾಡುತ್ತಲೇ ಇರೋಣ. ಆದರೆ ಹೊರಡುತ್ತಿರುವವನ ಒಂಟೆಯನ್ನು ಕಟ್ಟಿಯೂ ಕೊಡೋಣ. ಈ ರಮಝಾನಿಗೆ ಮುಂಚೆ ನಿಮ್ಮ ಜಮಾಅತ್‌ನ ಸಭೆಯಲ್ಲಿ ಈ ವಿಷಯವನ್ನು ಎತ್ತುವವರು ನೀವೇ ಯಾಕಾಗಬಾರದು?